ಸುಣ್ಣದ ಮೇಲಿನ ಗೂಡು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಕೊಪ್ಪದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಈಗ ನೀವು ನಕ್ಕರೆ ಬೇಸರವಿಲ್ಲ.

ಬೇಗಾರಿನಲ್ಲಿ ನನ್ನ ಗಂಡನ ಮನೆಯ ತುಳಸಿಕಟ್ಟೆಯ ಹಿಂಬದಿಗೆ ಪಾಚಿಯಂಥ ಬೂದು ಕಲ್ಲುಹೂವು ಹಬ್ಬಿತ್ತು. ಅದನ್ನೇ ತಿಂದು ಬೆಳೆಯುವ ಪುಟ್ಟ ಪತಂಗವೊಂದರ ಹುಳುಗಳು ಅಲ್ಲಿದ್ದವು. ಬಲಿತ ಹುಳು ತನ್ನ ಮೈರೋಮವನ್ನೇ ಕಿತ್ತು ಪಂಜರದಂಥ ಗೂಡು ನೇಯುತ್ತದೆ. ಒಳಗೆ ಕೋಶವಾಗಿ ತೂಗಿ, ಕೆಲವು ದಿನಕ್ಕೆ ರೆಕ್ಕೆ ಬಂದು ಹೊರಡುತ್ತದೆ. ಶೃಂಗೇರಿಯಿಂದ ಕಡಹಿನಬೈಲಿನವರೆಗೆ ಹುಡುಕಿದ್ದೆ. ನನಗೆ ಸಿಕ್ಕಿದ್ದು ಈ ಕಟ್ಟೆಯಲ್ಲಿ ಮಾತ್ರ. ವಾರಕ್ಕೊಮ್ಮೆ ಹೋಗಿ, ಮೊಟ್ಟೆಯಿಂದ ಹಿಡಿದು ಎಲ್ಲ ಬರೆದಿಡುತ್ತಿದ್ದೆ.

ಆ ವರ್ಷ ತುಳಸಿಪೂಜೆಗೆ ಹೋದಾಗ ಕಟ್ಟೆ ಬೆಳ್ಳಗಿತ್ತು. ಅತ್ತೆ ಕಲ್ಲುಹೂವು ಕೆರೆದು ಸುಣ್ಣ ಬಳಿದಿದ್ದರು.

"ಹಬ್ಬಕ್ಕೆ ಕಟ್ಟೆ ಹಂಗೇ ಬಿಡದು ಹೆಂಗೆ ಮಾರಾಯ್ತಿ? ಹುಳನೆಲ್ಲ ನೀನು ಡಬ್ಬಿಗೆ ಹಾಕ್ಕಂಡು ಹೋಗಿದೀಯ ಅಂದ್ಕಂಡಿದ್ದೆ."

"ನಿಮಗೆ ಕೊಲ್ಲೋದೊಂದು ಗೊತ್ತು" ಎಂದುಬಿಟ್ಟೆ. ಮಧ್ಯಾಹ್ನ ಅವರು ಒದ್ದೆ ಬಟ್ಟೆ ಹಿಡಿದು, ಒಂದಾದರೂ ಉಳಿದಿದೆಯೋ ಎಂದು ಕಟ್ಟೆಯ ಸಂದುಗಳನ್ನು ಹುಡುಕುತ್ತಿದ್ದರು. ಜಗಲಿಯಿಂದ ನೋಡಿದೆ, ಏಳಲಿಲ್ಲ. ಮಾತಾಡಿಸದೆಯೇ ಕೊಪ್ಪಕ್ಕೆ ಬಂದೆ. ಹದಿನೈದು ದಿನದೊಳಗೆ ಅತ್ತೆ ಎದೆನೋವಿನಿಂದ ತೀರಿಕೊಂಡರು. ತಪ್ಪಾಯಿತು ಎನ್ನಲು ನನಗೆ ಅವಕಾಶವೇ ಸಿಗಲಿಲ್ಲ.

ಅವರು ಹೋದ ಹದಿಮೂರನೇ ದಿನದ ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದೆ. ಸುಣ್ಣದ ಮೇಲೆ ಒಂದು ಗೂಡು. ಸುತ್ತ ತಿನ್ನಲು ಚೂರೂ ಕಲ್ಲುಹೂವಿರಲಿಲ್ಲ. ಆ ಹುಳುವಿನ ರೋಮ ಕಪ್ಪು, ಗಿಡ್ಡ; ಈ ಗೂಡಿನ ಎಳೆ ಬಿಳಿ, ಉದ್ದ. ಕಾಲೇಜಿಗೆ ತಂದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಮನುಷ್ಯರ ತಲೆಗೂದಲು.

ತಪ್ಪಿಸಿಕೊಂಡ ಹುಳುವೊಂದು ಉದುರಿದ ಕೂದಲು ಬಳಸಿರಬಹುದು ಎಂದರು ಸಹೋದ್ಯೋಗಿಯೊಬ್ಬರು. ಇರಬಹುದು. ಆದರೆ ತನ್ನದಲ್ಲದ ಕೂದಲಿನಿಂದ ಆ ಹುಳು ಗೂಡು ನೇಯ್ದದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ನರೆಗೂದಲಿದ್ದದ್ದು ಅತ್ತೆಗೊಬ್ಬರಿಗೇ. ಅವರು ತುಳಸಿಯ ಹತ್ತಿರ ಎಂದೂ ತಲೆ ಬಾಚಿದವರಲ್ಲ, ಬಾಚಲು ಬಿಟ್ಟವರೂ ಅಲ್ಲ.

ಗೂಡು ಈಗಲೂ ನನ್ನ ಮೇಜಿನ ಮೇಲಿದೆ. ಕೋಶ ಬಿರಿಯಲಿಲ್ಲ, ಕೊಳೆಯಲೂ ಇಲ್ಲ. ಅದು ಕ್ಷಮೆಯೋ ಸಿಟ್ಟೋ ನನಗೆ ತಿಳಿಯದು.

ಮೊನ್ನೆ ಹಬ್ಬದ ಹಿಂದಿನ ದಿನ ನಮ್ಮವರು ಸುಣ್ಣದ ಬಕೆಟ್ ಹಿಡಿದು ಕಟ್ಟೆಯ ಮುಂದೆ ನಿಂತಿದ್ದರು. ಹಿಂಬದಿಗೆ ಕಲ್ಲುಹೂವು ಮತ್ತೆ ತೆಳ್ಳಗೆ ಹಬ್ಬುತ್ತಿದೆ.

"ಬಳಿಯದಾ, ಬ್ಯಾಡ್ದಾ?" ಎಂದು ಕೇಳಿದರು.

ಅತ್ತೆಯನ್ನು ಕೇಳಿ ಎನ್ನುವ ಮಾತು ನನ್ನ ಬಾಯಿತನಕ ಬಂದಿತ್ತು.