ಮನೆಯೂಟದ ಭಕ್ತಮಂಡಳಿ

ಮನೆಯೂಟವನ್ನು ಹೊಗಳುವ ಗಂಡಸರಲ್ಲಿ ಒಂದು ಸಮಾನ ಲಕ್ಷಣವನ್ನು ನಾನು ಗುರುತಿಸಿದ್ದೇನೆ: ಹೊಗಳುವಾಗ ಅವರು ಯಾವಾಗಲೂ ಕುಳಿತಿರುತ್ತಾರೆ. ಒಲೆಯ ಮುಂದೆ ನಿಂತು, ಕೈಯಲ್ಲಿ ಸಟ್ಟುಗ ಹಿಡಿದು, 'ಆಹಾ, ಮನೆಯೂಟದ ಸುಖವೇ ಸುಖ' ಎಂದು ಕಣ್ಣು ಮುಚ್ಚಿದ ಒಬ್ಬ ಮನುಷ್ಯನನ್ನೂ ನಾನು ಈವರೆಗೆ ಕಂಡಿಲ್ಲ. ಅಲ್ಲಿ ಕಣ್ಣು ಮುಚ್ಚಿದರೆ ದೋಸೆ ಸೀದುಹೋಗುತ್ತದೆ ಎನ್ನುವುದು ಒಂದು ಕಾರಣವಿರಬಹುದು. ಭಕ್ತಿಗೆ ಆಸನ ಬೇಕು, ಅಡುಗೆಗೆ ಕಾಲು ಸಾಕು ಎನ್ನುವುದು ಇನ್ನೊಂದು.

ಈ ಜ್ಞಾನ ನನಗೆ ದೊರೆತದ್ದು ಕಲ್ಕತ್ತೆಯಲ್ಲಿ, ಇಸವಿ ಎಪ್ಪತ್ತರ ಆಚೀಚೆ. ನನ್ನ ಗಂಡನಿಗೆ ಬ್ಯಾಂಕಿನಿಂದ ಆ ಊರಿಗೆ ವರ್ಗವಾಗಿ, ನಾವು ಬೆಹಾಲಾದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆವು. ಕಿಟಕಿಯಾಚೆ ಟ್ರಾಮಿನ ಗಂಟೆ, ಎದುರು ಗೋಡೆಯ ಮೇಲೆ ವಾರಕ್ಕೊಮ್ಮೆ ಬದಲಾಗುವ ಕ್ರಾಂತಿಯ ಘೋಷಣೆ, ಒಳಗೆ ಕ್ರಾಂತಿಯ ಸೋಂಕಿಲ್ಲದ ನನ್ನ ಸೀಮೆಎಣ್ಣೆ ಸ್ಟವ್. ಹೀಗೆ ಬರೆದಾಗ ಮೂರೂ ಒಂದೇ ಚೌಕಟ್ಟಿನಲ್ಲಿ ಚೆನ್ನಾಗಿ ಕೂಡುತ್ತವೆ. ಆದ್ದರಿಂದಲೇ ನನಗೆ ಅನುಮಾನ. ಆ ಗೋಡೆ ನಮ್ಮ ಎದುರಿಗಿತ್ತೋ, ಮುಂದಿನ ತಿರುವಿನಲ್ಲಿತ್ತೋ, ಪ್ರಮಾಣ ಮಾಡಿ ಹೇಳಲಾರೆ. ನೆನಪು ಎನ್ನುವುದು ಊಟವಾದ ಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗೆ ಉಪ್ಪು ಬೆರೆಸುವ ಅಡುಗೆಯವಳು. ನೀವು ಅವಳನ್ನು ನಂಬಬಾರದು. ನಾನೂ ಆದಷ್ಟು ನಂಬುವುದಿಲ್ಲ.

ಆದಿತ್ಯವಾರಗಳನ್ನು ಮಾತ್ರ ನಂಬಬಹುದು. ಅವು ತಪ್ಪದೆ ಬರುತ್ತಿದ್ದವು, ಅವುಗಳ ಜೊತೆಗೆ ಇಬ್ಬರು ಬ್ರಹ್ಮಚಾರಿಗಳೂ ತಪ್ಪದೆ ಬರುತ್ತಿದ್ದರು. ಒಬ್ಬರು ಹೊಳ್ಳರು, ನನ್ನ ಗಂಡನ ಸಹೋದ್ಯೋಗಿ, ನಮ್ಮ ಕರಾವಳಿಯವರೇ, ಅಲಿಪುರದಲ್ಲಿ ಕೋಣೆ ಮಾಡಿಕೊಂಡಿದ್ದವರು. ಇನ್ನೊಬ್ಬರು ಧಾರವಾಡದ ಕುಲಕರ್ಣಿ, ಬಾರಾನಗರದಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನೆ ನಡೆಸುತ್ತಿದ್ದವರು. ಇವರಂತೂ ಊರಿನ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ, ಬಸ್ಸಿನ ಬಾಗಿಲಿಗೆ ಜೋತುಬಿದ್ದು, ಬೆಳಗಿನ ನೀರುದೋಸೆಗೆ ಸರಿಯಾಗಿ ತಲುಪುತ್ತಿದ್ದರು. ಅನ್ನಕ್ಕಾಗಿ ಇಷ್ಟು ದೂರ ಬರುವ ಮನುಷ್ಯನನ್ನು ಕಂಡರೆ ಮೊದಮೊದಲು ನನಗೆ ಕರುಳು ಚುರುಕ್ ಎನ್ನುತ್ತಿತ್ತು. ನಿಜ ಹೇಳಬೇಕೆಂದರೆ, ಹೆಮ್ಮೆಯೂ ಆಗುತ್ತಿತ್ತು. ಹೊಗಳಿಕೆಗೆ ಬಗ್ಗದ ಅಡುಗೆಯವಳು ಹುಟ್ಟಿಲ್ಲ. ನಾನಂತೂ ಅರ್ಧ ಹೊಗಳಿಕೆಗೇ ಇನ್ನೊಂದು ತೆಂಗಿನಕಾಯಿ ಒಡೆಯುತ್ತಿದ್ದೆ.

ಆದರೆ ನೀರುದೋಸೆಯ ಸ್ವಭಾವ ನಿಮಗೆ ಗೊತ್ತಲ್ಲ. ಅದು ಕಾವಲಿಯಿಂದ ಎದ್ದು ತಟ್ಟೆಗೆ ಬೀಳುವ ಗಳಿಗೆಯಲ್ಲಿ ಮಲ್ಲಿಗೆ, ಸ್ವಲ್ಪ ತಡೆದರೆ ಒದ್ದೆ ಕರವಸ್ತ್ರ. ಆದ್ದರಿಂದ ಎರೆಯುವವಳು ಎರೆಯುತ್ತಲೇ ಇರಬೇಕು, ತಿನ್ನುವವರು ತಿನ್ನುತ್ತಲೇ ಇರಬೇಕು. ಮೊದಲ ದೋಸೆ ಕಾವಲಿಗೆ ಅಂಟಿ ಚಿಂದಿಯಾಗುತ್ತದೆ, ಅದು ಮಾಡಿದವಳಿಗೆ. ಕೊನೆಯದು ಎಲ್ಲರೂ ಎದ್ದು, ತಟ್ಟೆಗಳನ್ನು ತೆಗೆದು, ನೆಲ ಒರೆಸಿದ ಮೇಲೆ ಉಳಿಯುತ್ತದೆ, ಅದೂ ಅವಳಿಗೇ. ನಡುವಿನವುಗಳಿಗೆ ಭಕ್ತಮಂಡಳಿಯ ಭಜನೆ.

"ಅತ್ತಿಗೆ, ಹೋಟೆಲಿನ ಅನ್ನ ತಿಂದು ನಾಲಿಗೆ ಸತ್ತೇಹೋಗಿತ್ತು. ಈಗ ಜೀವ ಬಂತು ನೋಡಿ," ಎಂದು ಹೊಳ್ಳರು ತಟ್ಟೆ ಮುಂದೆ ಮಾಡುತ್ತಿದ್ದರು.

"ಹೋಟೆಲ್‌ನಾಗ ಎಲ್ಲಾ ಇರ್ತದ್ರಿ ವೈನಿ, ಪ್ರೀತಿ ಒಂದ ಇರಂಗಿಲ್ಲ," ಎಂದು ಕುಲಕರ್ಣಿ ಕಾಯಿಬೆಲ್ಲ ಕಲಸುತ್ತಿದ್ದರು.

ನನ್ನ ಗಂಡ ದೇವಸ್ಥಾನದ ಮೊಕ್ತೇಸರರಂತೆ ಮಂದಸ್ಮಿತರಾಗಿ ಕುಳಿತಿರುತ್ತಿದ್ದರು.

ಪ್ರೀತಿ ಎಂಬ ಆ ಮಸಾಲೆಯನ್ನು ನಾನು ಯಾವಾಗ ಹಾಕುತ್ತಿದ್ದೆ ಎನ್ನುವುದು ನನಗೇ ತಿಳಿಯದ ಸಂಗತಿ. ಕಾವಲಿಯ ಹೊಗೆಗೆ ಕಣ್ಣಿನಲ್ಲಿ ನೀರು ಬಂದಾಗಲೋ, ಬಾಗಿಲ ಸಂದಿಯಿಂದ 'ಇನ್ನೆರಡು ಬರಲಿ' ಎಂಬ ಕೂಗು ಬಂದಾಗಲೋ? ನನ್ನ ಬೆರಳು ತಾಗಿದರೆ ನೀರೂ ತೀರ್ಥ ಎಂದು ಅವರು ಒಮ್ಮತದಿಂದ ನಂಬಿದ್ದರು. ನಂಬಿಕೆ ಅವರದು, ಬೆರಳು ನನ್ನದು.

ಕೆಳಗಿನ ಮನೆಯ ಸೊಸೆ ಮೀನೂದಿ, ಬ್ಯಾಂಕಿಗೂ ಧಾರವಾಡಕ್ಕೂ ಸಂಬಂಧವಿಲ್ಲದ ನನ್ನ ಏಕೈಕ ಗೆಳತಿ, ಬೇರೆ ಪಂಥದವಳು. ನಮ್ಮಿಬ್ಬರ ನಡುವಿನ ಭಾಷೆ ಒಂದು ಮುರುಕು ಹಿಂದಿ. ಅವಳ ಹಿಂದಿ ಬಂಗಾಳಿಯ ಕಡೆಗೆ ವಾಲುತ್ತಿತ್ತು, ನನ್ನದು ನೆಲಕ್ಕೆ ಬಿದ್ದಿತ್ತು. ಅವಳು ಕಾಲೇಜಿನ ಗೆಳತಿಯರೊಡನೆ ತಿಂಗಳಿಗೊಮ್ಮೆ 'ಕೇಬಿನ್'ಗೆ ಹೋಗುತ್ತಿದ್ದಳು. ಕೇಬಿನ್ ಎಂದರೆ ತಿಂಡಿ ಅಂಗಡಿ. ಒಳಗೆ ಹೆಂಗಸರಿಗಾಗಿ ಮರದ ಅಡ್ಡಗೋಡೆಯ ಪುಟ್ಟ ಗೂಡುಗಳು, ಪ್ರತಿಯೊಂದಕ್ಕೂ ಒಂದು ಪರದೆ.

"ಪರದೆ ಎಳೆದುಬಿಟ್ಟರೆ ನೀನು ಯಾರ ಹೆಂಡತಿ, ಯಾರ ಸೊಸೆ ಅಂತ ಯಾರೂ ಕೇಳೋದಿಲ್ಲ. ಚಾಪ್ ಬೇಕಾ, ಎಷ್ಟು ಬೇಕು, ಅಷ್ಟೇ," ಎಂದಳು ಅವಳು.

"ನಾನು ಮಾಂಸ ತಿನ್ನೋದಿಲ್ಲವಲ್ಲ."

"ಆರೆ ಬಾಬಾ, ತರಕಾರಿ ಚಾಪ್! ಒಳಗೆ ಬೀಟ್‌ರೂಟು, ಆಲೂಗಡ್ಡೆ, ಕಡಲೆಬೀಜ. ಎಣ್ಣೆಯಿಂದ ಎತ್ತಿ ನೇರ ತಟ್ಟೆಗೆ ಹಾಕ್ತಾರೆ. ಪಕ್ಕದಲ್ಲಿ ಸಾಸಿವೆ ಗೊಜ್ಜು."

ನೇರ ತಟ್ಟೆಗೆ! ನಾನು ಹಿಡಿದುಕೊಂಡದ್ದು ಆ ಎರಡು ಪದಗಳನ್ನು. ಬೀಟ್‌ರೂಟಿನ ಮೇಲೆ ನನಗೆ ವಿಶೇಷ ಮಮತೆಯೇನೂ ಇಲ್ಲ. ಆದರೆ ನನ್ನ ತಟ್ಟೆಗೆ, ನಾನು ಮಾಡದ ತಿಂಡಿ, ಬಿಸಿಬಿಸಿಯಾಗಿ, ನಾನು ಕುಳಿತಿರುವಾಗ ಬರಬೇಕು, ಆಸೆ ಇಷ್ಟೇ. ಇಷ್ಟು ಸಣ್ಣ ಆಸೆಯನ್ನು ಗಂಡನಿಗೆ ಹೇಳಲು ಎಷ್ಟು ದಿನ ಬೇಕಾಯಿತೆಂದರೆ, ಅಷ್ಟರಲ್ಲಿ ದೊಡ್ಡ ಆಸೆಯೊಂದನ್ನು ಹೇಳಿ ಮುಗಿಸಬಹುದಿತ್ತು.

"ಒಂದು ಆದಿತ್ಯವಾರ ನಾವು ಹೊರಗೆ ತಿಂದರೆ ಹೇಗೆ?" ಎಂದು ಕೊನೆಗೂ ಕೇಳಿದೆ.

"ಎಂತಕ್ಕೆ? ಮನೆಯಲ್ಲಿ ಎಂತ ಕಡಿಮೆ ಉಂಟು?" ಎಂದರು ಅವರು, ಪ್ರಾಮಾಣಿಕವಾದ ಆಶ್ಚರ್ಯದಿಂದ.

"ಕಡಿಮೆ ಎಂತದೂ ಇಲ್ಲ. ನನಗೆ ಕೂತು ತಿನ್ನಬೇಕು."

ಅವರು ಭಕ್ತಮಂಡಳಿಯ ಸಭೆ ಕರೆದರು. ಮಂಡಳಿ ಕರಗಿ ನೀರಾಯಿತು. ಅತ್ತಿಗೆಗೆ ವಿಶ್ರಾಂತಿ ಕೊಡಲೇಬೇಕು, ಎಲ್ಲಿಗೆ ಎನ್ನುವುದನ್ನು ಗುಟ್ಟಾಗಿಡಬೇಕು ಎಂದು ತೀರ್ಮಾನವಾಯಿತು. ಗುಟ್ಟು ಎಂದ ಕೂಡಲೇ ನಾನು ಪರದೆಯನ್ನೇ ಕಂಡೆ. ಮೀನೂದಿ ತನ್ನ ತಾಂತ್, ಅಂದರೆ ಬಂಗಾಳದ ಕೈಮಗ್ಗದ ಹತ್ತಿ ಸೀರೆ ಕೊಟ್ಟು, ನೆರಿಗೆ ತಾನೇ ಹಿಡಿದು, ಮೆಟ್ಟಿಲ ಬುಡದವರೆಗೂ ಬಂದು ಕಳಿಸಿದಳು.

ಬಸ್ಸಿನಿಂದ ಇಳಿದದ್ದು ಲೇಕ್ ಮಾರ್ಕೆಟ್ಟಿನ ಹತ್ತಿರ. ರಸ್ತೆಯ ಆಚೆ ಬದಿಗೆ, ನನ್ನ ಎದೆ ಹಾರುವಂತೆ, ಒಂದು ಕೇಬಿನ್. ಹಸಿರು ಪರದೆ, ಬಾಗಿಲಲ್ಲೇ ಬಾಣಲೆ. ಮಂಡಳಿ ಅತ್ತ ಮುಖವನ್ನೂ ಹೊರಳಿಸದೆ ಈಚೆ ಬದಿಯ ಮೆಟ್ಟಿಲು ಹತ್ತಿ, ವಿಜಯೋತ್ಸಾಹದಿಂದ ನನ್ನತ್ತ ತಿರುಗಿತು. ಒಳಗಿನಿಂದ ಇಂಗಿನ ಒಗ್ಗರಣೆಯ ವಾಸನೆ ಬಂದು ತವರಿನ ನಾಯಿಯ ಹಾಗೆ ನನ್ನ ಕಾಲಿಗೆ ಸುತ್ತಿಕೊಂಡಿತು. ನಮ್ಮೂರ ಕಡೆಯ ಭಟ್ಟರೊಬ್ಬರ ಇಡ್ಲಿ ಸಾಂಬಾರಿನ ಹೋಟೆಲು!

"ಹೇಗೆ?" ಎಂದರು ಹೊಳ್ಳರು. "ಥೇಟು ಮನೆಯ ಹಾಗೆ!"

ಅವರನ್ನು ದೂರಿ ಏನು ಪ್ರಯೋಜನ? ಮಡಿ ಮೈಲಿಗೆಯ ಊರಿನಿಂದ ಬಂದ ಹೆಂಗಸು ಎಲ್ಲಿ ತಿಂದಾಳು ಎಂದು ಮೂವರೂ ತಲೆ ಕೆಡಿಸಿಕೊಂಡು, ಇಡೀ ಕಲ್ಕತ್ತೆಯನ್ನು ಜಾಲಾಡಿ, ನನ್ನ ಅಡುಗೆಮನೆಯನ್ನೇ ಹುಡುಕಿ ತೆಗೆದಿದ್ದರು. ನಾನು ಅಮೃತಶಿಲೆಯ ಮೇಜಿನ ಮುಂದೆ ಕುಳಿತೆ. ಇರಲಿ, ಸಾಂಬಾರಾದರೇನು, ಕುಳಿತಿದ್ದೇನಲ್ಲ, ಬಿಸಿಯಾಗಿ ಬರುತ್ತದಲ್ಲ.

ಬಂದವರು ಭಟ್ಟರು. ನಮ್ಮ ಊರು ಕೇಳಿದರು, ಮನೆತನ ಕೇಳಿದರು, ನನ್ನ ಅಜ್ಜನ ಮನೆಯವರೆಗೂ ಹೋಗಿ ಹಿಂದೆ ಬಂದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಇವತ್ತೇ ನೀವು ಬರಬೇಕಾ ಮಾರಾಯ್ರೆ! ನಮ್ಮ ಅಡುಗೆಯವ ಊರಿಗೆ ಹೋಗಿ ಕೂತಿದ್ದಾನೆ. ಹೊಸಬನಿಗೆ ಸಾಂಬಾರಿನ ತಲೆಬುಡ ಗೊತ್ತಿಲ್ಲ. ಎಂತ ಮಾಡುವುದೋ!"

ಹೊಳ್ಳರ ಮುಖ ಬೆಳಗಿತು. "ನಮ್ಮ ಅತ್ತಿಗೆ ಇದ್ದಾರಲ್ಲ ಮಾರ್ರೆ!"

"ವೈನಿ ಕೈ ಹಚ್ಚಿದ್ರ ಮುಗೀತು ನೋಡ್ರಿ," ಎಂದರು ಕುಲಕರ್ಣಿ.

ನಾನು ಗಂಡನ ಮುಖ ನೋಡಿದೆ. ಅವರು ಮೆಲ್ಲಗೆ, ಬಹಳ ಮೃದುವಾಗಿ ಹೇಳಿದರು: "ಎರಡು ನಿಮಿಷದ ಕೆಲಸ. ಒಮ್ಮೆ ನೋಡಿ ಬಾ, ಆಯ್ತಾ?"

"ಆಯ್ತು," ಎಂದು ಎದ್ದೆ.

ಹೋಟೆಲಿನ ಅಡುಗೆಮನೆಯ ಬಾಗಿಲೂ ಬೀದಿಬಾಗಿಲೂ ಒಂದೇ ಮೂಲೆಯಲ್ಲಿ, ಮಸಾಲೆ ಡಬ್ಬಿಗಳ ಕಪಾಟಿನ ಹಿಂದೆ ಇದ್ದವು. ಒಂದು ಎಡಕ್ಕೆ, ಒಂದು ಬಲಕ್ಕೆ. ಭಟ್ಟರು ಗಲ್ಲಾಪೆಟ್ಟಿಗೆಯ ಕಡೆಗೆ ತಿರುಗಿದ್ದರು. ನಾನು ಯೋಚಿಸಿ ಆರಿಸಿದೆ ಎಂದು ಬರೆಯಲು ಕೈ ತುರಿಸುತ್ತದೆ. ಬರೆದರೆ ಪ್ರಬಂಧಕ್ಕೆ ಬೆನ್ನೆಲುಬೂ ಬರುತ್ತದೆ. ಆದರೆ ಅಂದು ನನ್ನ ತಲೆಯಲ್ಲಿ ಯಾವ ಯೋಚನೆಯೂ ಇದ್ದ ನೆನಪಿಲ್ಲ. ಕಾಲುಗಳು ಬೀದಿಗಿಳಿದವು. ರಿಕ್ಷಾದವನೊಬ್ಬ ಬೈದ. ರಸ್ತೆ ದಾಟಿದೆ. ಹಸಿರು ಪರದೆ ಎಳೆದು ಕುಳಿತೆ.

"ತರಕಾರಿ ಚಾಪ್," ಎಂದೆ. ಎಷ್ಟು ಎಂದಷ್ಟೇ ಕೇಳಿದರು.

ಅತ್ತ ಹೋಟೆಲಿನಲ್ಲಿ ಏನಾಯಿತು ಎಂಬುದು ನಾನು ಕಂಡದ್ದಲ್ಲ. ನನ್ನ ಗಂಡನ ಪ್ರಕಾರ ಅವರಿಗೆ ಆಗಲೇ ಸಂಶಯ ಬಂದಿತ್ತು. ಹೊಳ್ಳರ ಪ್ರಕಾರ ನನಗೆ ತಲೆನೋವು ಬಂದಿತ್ತು. ಕುಲಕರ್ಣಿಯವರು ಮಾತ್ರ, ಸಂಖ್ಯಾಶಾಸ್ತ್ರದ ಋಣ ತೀರಿಸಲೋ ಎಂಬಂತೆ, ಕಂಡದ್ದನ್ನು ಕಂಡ ಹಾಗೆ ಒಪ್ಪಿಸಿದರು, ಅದನ್ನು ಇನ್ನಿಬ್ಬರೂ ಅಲ್ಲಗಳೆಯಲಿಲ್ಲ: ಸ್ವಲ್ಪ ಹೊತ್ತಿಗೆ ಸಾಂಬಾರು ಬಂತು. ಮೂವರೂ ಇಡ್ಲಿ ಮುರಿದು ಅದ್ದಿದರು. ಹೊಳ್ಳರು ಕಣ್ಣು ಮುಚ್ಚಿ, 'ನೋಡಿದಿರಾ, ಅತ್ತಿಗೆಯ ಕೈ ಬಿದ್ದದ್ದೇ ರುಚಿ ಬೇರೆಯೇ ಆಯಿತು' ಎಂದರು. ನನ್ನ ಗಂಡ ಪಕ್ಕದ ಮೇಜಿನವರಿಗೂ ಕೇಳುವಂತೆ, ಇದು ನಮ್ಮ ಮನೆಯ ಹದ ಎಂದು ವಿವರಿಸಿದರು. ಮೂವರೂ ಎರಡನೆಯ ಸಲ ಹಾಕಿಸಿಕೊಂಡರು. ಅಷ್ಟರಲ್ಲಿ ಭಟ್ಟರು ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, 'ಅಮ್ಮನವರು ಇನ್ನೂ ಯಾಕೆ ಒಳಗೆ ಬರಲಿಲ್ಲ?' ಎಂದು ಕೇಳಿದರು.

ನನ್ನನ್ನು ಬೈದ ರಿಕ್ಷಾದವನೇ ಅವರಿಗೆ ಕೇಬಿನ್ನಿನತ್ತ ಕೈ ತೋರಿಸಿದನಂತೆ. ಮೂರು ಜೊತೆ ಕಾಲುಗಳು ನನ್ನ ಪರದೆಯ ಕೆಳಗೆ ಕಾಣಿಸಿಕೊಂಡಾಗ ಚಾಪ್ ಆಗತಾನೇ ತಟ್ಟೆಗೆ ಬಿದ್ದಿತ್ತು. ಅದೇ ಎಣ್ಣೆಯಲ್ಲಿ ಮೊದಲು ಮೀನು ಮುಳುಗೆದ್ದಿತ್ತೇ ಎಂದು ವಿಚಾರಿಸುವಷ್ಟು ಧರ್ಮಜಿಜ್ಞಾಸೆ ಅಂದು ನನ್ನಲ್ಲಿರಲಿಲ್ಲ.

"ವೈನಿ," ಎಂದಿತು ಮೊದಲ ಜೊತೆ, ತೀರ ಸಣ್ಣ ದನಿಯಲ್ಲಿ. "ಆ ಸಾಂಬಾರ್ ನೀವು ಮಾಡಿದ್ದಲ್ಲೇನ್ರಿ?"

"ಅಲ್ಲ."

"ನಾ ಎರಡ ಸರ್ತಿ ಹಾಕ್ಕೊಂಡೆ ನೋಡ್ರಿ."

"ಪ್ರೀತಿ ಇತ್ತಾ ಅದರಲ್ಲಿ?" ಎಂದು ಕೇಳಿದೆ.

ಟ್ರಾಮೊಂದು ಗಂಟೆ ಬಾರಿಸುತ್ತ ಹೋಯಿತು ಎಂದು ಇಲ್ಲಿ ಸೇರಿಸಬಹುದು, ಸೇರಿಸುವುದಿಲ್ಲ. ನನ್ನ ಗಂಡ ಪರದೆಯನ್ನು ಒಂದು ಬೆರಳಿನಷ್ಟು ಸರಿಸಿದರು. ಗೂಡಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಆ ಜಾಗವನ್ನು ನೋಡಿದರು, ನನ್ನನ್ನು ನೋಡಿದರು.

"ಮುಗಿಸಿ ಬರ್ತೇನೆ," ಎಂದೆ. "ನೀವು ಹೊರಗೆ ಇರಿ."

ಅವರು ಪರದೆ ಬಿಟ್ಟರು. ಕಾಲುಗಳು ಕದಲಲಿಲ್ಲ. ನಾನು ಚಾಪನ್ನು ಅವಸರವಾಗಿ ಮುರಿದು ಬಾಯಿಗಿಟ್ಟೆ. ಅದರ ರುಚಿ ಏನಿತ್ತು ಎಂದು ಈಗ ನೀವು ಕೇಳಿದರೆ ನನಗೆ ಗೊತ್ತಿಲ್ಲ; ಬೀಟ್‌ರೂಟು ಎಂದು ಮೀನೂದಿ ಹೇಳಿದ್ದರಿಂದ ಬೀಟ್‌ರೂಟು ಎನ್ನುತ್ತೇನೆ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಬೆರಳು ಎಷ್ಟೋ ಸಲ ಸುಟ್ಟಿತ್ತು. ನಾಲಿಗೆ ಸುಟ್ಟದ್ದು ಅಂದೇ ಮೊದಲು.