ತೆರೆದೇ ಉಳಿದ ಹೆಸರು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಆಕೆಯನ್ನು ಬೆನ್ನ ಹಿಂದೆ ಎಲ್ಲರೂ ಬಾಗಿಲಮ್ಮ ಅಂತಲೇ ಕರೆಯುತ್ತಿದ್ದರು. ಹದಿನೆಂಟು ವರ್ಷದ ನೌಕರಿಯಲ್ಲಿ ಆಕೆ ಬರೆದದ್ದು, ತಿದ್ದಿದ್ದು, ಕಾದದ್ದು ಒಂದೇ ಪ್ರೋಗ್ರಾಮ್, ಲಾಗಿನ್. ಡಾಕ್ಟರೋ ನರ್ಸೋ ಪಾಸ್‌ವರ್ಡ್ ಒತ್ತಿದೊಡನೆ ಅವರ ಹೆಸರಿನಲ್ಲಿ ಒಂದು ಸೆಷನ್ ತೆರೆಯಬೇಕು, ಎದ್ದು ಹೋದಾಗ ಮುಚ್ಚಬೇಕು. ನಡುವೆ ಆ ಕಂಪ್ಯೂಟರಿನಲ್ಲಿ ಯಾರು ಏನೇ ಬರೆದರೂ ಅದು ಆ ಹೆಸರಿಗೇ ಅಂಟುತ್ತದೆ. ತೆರೆಯುವುದನ್ನು ಯಾರು ಬೇಕಾದರೂ ಬರೆದಾರು, ಕಸುಬು ಇರುವುದು ಮುಚ್ಚುವುದರಲ್ಲಿ ಎಂಬುದು ಆಕೆಯ ಜಂಭ. ಜನ ಮರೆಗುಳಿಗಳೆಂದು ಗೊತ್ತಿದ್ದೇ, ಹತ್ತು ನಿಮಿಷ ಯಾರೂ ಕೀಬೋರ್ಡ್ ಮುಟ್ಟದಿದ್ದರೆ ಸೆಷನ್ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿದ್ದಳು.

ಈ ಹತ್ತು ನಿಮಿಷ ಡಾಕ್ಟರುಗಳಿಗೆ ತಲೆನೋವಾಯಿತು. ಒಬ್ಬ ರೋಗಿಯನ್ನು ನೋಡಿ ಬರುವಷ್ಟರಲ್ಲಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆಂದು ದೂರು ಹೋಯಿತು. ವಿಭಾಗದ ಮುಖ್ಯಸ್ಥರಿಗೆ ಬಾಯ್ಮಾತಿನ ಸಾಹೇಬರು ಎಂದೇ ಹೆಸರು. ಕಾಗದದ ಮೇಲೆ ಒಂದಕ್ಷರ ಬರೆದುಕೊಟ್ಟ ಪುಣ್ಯಾತ್ಮರಲ್ಲ.

“ಆ ಹತ್ತು ನಿಮಿಷದ್ದು ತೆಗೆದುಬಿಡಮ್ಮ.”

“ತೆಗೆದ್ರೆ ಸೆಷನ್ ದಿನಗಟ್ಲೆ ತೆರೆದೇ ಇರುತ್ತೆ ಸಾರ್. ಯಾರ ಹೆಸರಲ್ಲಿ ಯಾರು ಬರೀತಾರೋ ಗೊತ್ತಾಗಲ್ಲ. ಒಂದು ಆರ್ಡರ್ ಬರೆದು ಕೊಡಿ.”

“ನಾನು ಹೇಳ್ತಿದೀನಲ್ಲ. ನನ್ನ ಮೇಲೆ ನಂಬಿಕೆ ಇಲ್ವಾ?”

ನಂಬಿಕೆ ಇರಲಿಲ್ಲ. ಆದರೂ ತೆಗೆದಳು. ಬದಲಾವಣೆಯ ದಾಖಲೆಯಲ್ಲಿ ಬಿದ್ದದ್ದು ಆಕೆಯ ಹೆಸರು, ಸಾಹೇಬರದಲ್ಲ.

ಅಂದಿನಿಂದ ವಾರ್ಡುಗಳಲ್ಲಿ ಹೊಸ ರೂಢಿ ಶುರುವಾಯಿತು. ಬೆಳಗ್ಗೆ ಮೊದಲು ಬಂದ ನರ್ಸ್ ತನ್ನ ಹೆಸರಿನಲ್ಲಿ ತೆರೆಯುವುದು, ಉಳಿದವರೆಲ್ಲ ಅದರಲ್ಲೇ ಬರೆಯುವುದು, ಮುಚ್ಚುವ ಗೋಜಿಗೆ ಯಾರೂ ಹೋಗದಿರುವುದು. ಸಿರಿಂಜ್ ಹಿಡಿದು ಓಡಾಡುವವರಿಗೆ ಪಾಸ್‌ವರ್ಡಿನ ಗೊಡವೆ ಯಾಕೆ ಬೇಕು? ಎರಡನೇ ವಾರ್ಡಿನಲ್ಲಿ ಸದಾ ಮೊದಲು ಬರುತ್ತಿದ್ದವಳು ಒಬ್ಬ ಸಣಕಲು ಮೈಯ ನರ್ಸ್. ಬಾಗಿಲಮ್ಮನ ತಾಯಿ ಆ ವಾರ್ಡಿನಲ್ಲಿ ಮಲಗಿದ್ದ ನಲವತ್ತು ದಿನ ತಲೆ ಬಾಚಿ, ಚಮಚದಲ್ಲಿ ನೀರು ಕುಡಿಸಿದವಳು ಅವಳೇ. ಬೇಗ ಬರುವ ಒಳ್ಳೆಯ ಅಭ್ಯಾಸವೇ ಅವಳಿಗೆ ಮುಳುವಾಯಿತು.

ಒಂದು ಮಧ್ಯಾಹ್ನ ಮೂರೂಕಾಲಿಗೆ, ಆ ವಾರ್ಡಿನ ಮುದುಕರೊಬ್ಬರಿಗೆ ಆಗಲೇ ಕೊಟ್ಟಿದ್ದ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನನ್ನು ಯಾರೋ ಎರಡನೇ ಸಲ ಕೊಟ್ಟರು. ಪ್ರಜ್ಞೆ ತಪ್ಪಿದ ಮುದುಕರು ಎರಡು ದಿನದ ಮೇಲೆ ಕಣ್ಣು ಬಿಟ್ಟರು, ಮಾತು ಮಾತ್ರ ವಾಪಸು ಬರಲಿಲ್ಲ. ದಾಖಲೆಯಲ್ಲಿದ್ದದ್ದು ಆ ನರ್ಸಿನ ಹೆಸರು. ಅವಳ ಪಾಳಿ ಎರಡು ಗಂಟೆಗೇ ಮುಗಿದಿತ್ತು. ಮನೆಗೆ ಹೋಗಿದ್ದೆ ಎಂದರೆ ಹೌದೆನ್ನುವವರು ಯಾರೂ ಇಲ್ಲ. ಜೊತೆಯವರು ಬಾಯಿಗೆ ಬೀಗ ಹಾಕಿಕೊಂಡರು; ಒಬ್ಬಳು ಬಾಯಿ ಬಿಟ್ಟರೆ ಸೂಜಿ ಚುಚ್ಚಿದ ಕೈ ಯಾರದೆಂದೂ ಹೇಳಬೇಕಿತ್ತಲ್ಲ.

ವಿಚಾರಣೆಗೆ ಬಾಗಿಲಮ್ಮನಿಗೂ ಕರೆ ಬಂತು. ಹಿಂದಿನ ದಿನ ನರ್ಸ್ ಮೆಟ್ಟಿಲ ಬಳಿ ಆಕೆಯನ್ನು ತಡೆದಳು.

“ಅಕ್ಕಾ, ಅದು ತೆರೆದೇ ಇರುತ್ತೆ, ಯಾರು ಬೇಕಾದ್ರೂ ಬರೀಬಹುದು ಅಂತ ನೀವೊಂದು ಮಾತು ಹೇಳಿ ಸಾಕು. ನನ್ನ ಕೆಲಸ ಉಳಿಯುತ್ತೆ.”

“ಹೇಳ್ತೀನಮ್ಮ,” ಅಂದಳು. ಹೇಳುವ ಮನಸ್ಸೇ ಇತ್ತು.

ಆಮೇಲೆ ಸಾಹೇಬರು ಕರೆದರು. “ಕೇಳಿದಷ್ಟಕ್ಕೆ ಉತ್ತರ ಕೊಡಮ್ಮ. ಹತ್ತು ನಿಮಿಷ ತೆಗೆದಿದ್ದು ಯಾರು ಅಂತ ಹುಡುಕಿದ್ರೆ ನಿನ್ನ ಹೆಸರೇ ಸಿಗೋದು. ರಿಟೈರ್ ಆಗೋಕೆ ಇನ್ನೆರಡು ವರ್ಷ ಅಲ್ವಾ?”

ವಿಚಾರಣೆಯ ಕೋಣೆಯಲ್ಲಿ ಮೂರು ಪ್ರಶ್ನೆ ಬಂದವು. ಸೆಷನ್ ತೆರೆದದ್ದು ಯಾರ ಪಾಸ್‌ವರ್ಡಿನಿಂದ? ಈ ನರ್ಸಿನದು. ಅವರು ಮುಚ್ಚಿದ್ದರೇ? ಇಲ್ಲ. ಪ್ರೋಗ್ರಾಮಿನಲ್ಲಿ ದೋಷವಿತ್ತೇ? ಮೂಲೆಯ ಕುರ್ಚಿಯಿಂದ ನರ್ಸ್ ಆಕೆಯ ಬಾಯನ್ನೇ ನೋಡುತ್ತಿದ್ದಳು.

“ಬರೆದ ಹಾಗೇ ಕೆಲಸ ಮಾಡಿದೆ,” ಅಂದಳು ಬಾಗಿಲಮ್ಮ.

ಮೂರೂ ನಿಜ. ಸುಳ್ಳು ಹೇಳುವವರಿಗಾದರೂ ಸ್ವಲ್ಪ ಅಳುಕಿರುತ್ತದೆ. ಇಂಥ ನಿಜ ಹೇಳುವವರು ಊಟ ಮಾಡಿ ಮಲಗುತ್ತಾರೆ. ಆಕೆಯೂ ಮಲಗಿದಳು, ನಿದ್ದೆ ಬರಲಿಲ್ಲ ಅಷ್ಟೆ.

ನರ್ಸ್ ಕೆಲಸ ಕಳೆದುಕೊಂಡಳು. ಹತ್ತು ನಿಮಿಷವನ್ನಾದರೂ ಮತ್ತೆ ಹಾಕುತ್ತೇನೆಂದು ಬಾಗಿಲಮ್ಮ ಹೋದರೆ ಸಾಹೇಬರು ಗದರಿದರು: “ಈಗ ಹಾಕಿದ್ರೆ ಮೊದ್ಲು ತಪ್ಪಿತ್ತು ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ.”

ಹನ್ನೊಂದು ದಿನದ ಮೇಲೆ, ನರ್ಸಿನ ಹೆಸರನ್ನು ಕಂಪ್ಯೂಟರಿನಿಂದ ತೆಗೆಯಬೇಕೆಂದು ಆದೇಶ ಬಂತು. ಈ ಸಲ ಸಾಹೇಬರು ಬರೆದು, ಸಹಿ ಹಾಕಿಯೇ ಕಳಿಸಿದ್ದರು. ಬಾಗಿಲಮ್ಮ ಅಳಿಸಲು ಹೊರಟರೆ ಕಂಪ್ಯೂಟರ್ ಒಪ್ಪಲಿಲ್ಲ. ಈ ಹೆಸರಿನಲ್ಲಿ ಒಂದು ಸೆಷನ್ ಇನ್ನೂ ತೆರೆದಿದೆ, ಎರಡನೇ ವಾರ್ಡ್, ಔಷಧಿ ಕೋಣೆ ಎಂದು ತೋರಿಸಿತು. ಆಕೆ ಒಳಗೆ ನೋಡಿದಳು. ಆ ಬೆಳಗ್ಗೆಯಿಂದ ಒಂಬತ್ತು ರೋಗಿಗಳಿಗೆ ಔಷಧಿ ಕೊಟ್ಟವಳು, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿರುವ ನರ್ಸ್. ನೋಡುತ್ತಿದ್ದಂತೆಯೇ ಹತ್ತನೆಯದೂ ಬಂತು.

ವಿಚಾರಣೆಯವರ ಮುಂದಿಡಲು ಈ ಒಂದು ಹಾಳೆ ಸಾಕಿತ್ತು. ಪ್ರಿಂಟರ್ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮುದ್ರಿಸಿದರೆ ನರ್ಸಿಗೆ ಕೆಲಸ ವಾಪಸು ಸಿಗುತ್ತದೆ, ಮುಂದಿನ ಪ್ರಶ್ನೆ ಬಾಗಿಲಮ್ಮನ ಬುಡಕ್ಕೇ ಬರುತ್ತದೆ. ಆಕೆ ಬಹಳ ಹೊತ್ತು ಯೋಚಿಸಲಿಲ್ಲ. ಯೋಚಿಸಿದರೆ ಎಲ್ಲಿ ಒಳ್ಳೆಯವಳಾಗಿಬಿಡುತ್ತೇನೋ ಎಂದು ಹೆದರಿದಳು. ಸೆಷನ್ ಮುಚ್ಚಿದಳು, ಹೆಸರು ಅಳಿಸಿದಳು.

ಎರಡೇ ನಿಮಿಷಕ್ಕೆ ಎರಡನೇ ವಾರ್ಡಿನಿಂದ ಫೋನ್ ಬಂತು.

“ಮೇಡಂ, ಔಷಧಿ ಕೋಣೆ ಕಂಪ್ಯೂಟರ್ ಇದ್ದಕ್ಕಿದ್ದಂಗೆ ಪಾಸ್‌ವರ್ಡ್ ಕೇಳ್ತಿದೆ. ಯಾರದ್ದು ಹಾಕ್ಬೇಕು?”

“ನಿಮ್ಮದೇ ಹಾಕಿ.”

ಆ ಕಡೆ ಯಾರೋ ಯಾರನ್ನೋ ಕೇಳುತ್ತಿದ್ದ ಗುಸುಗುಸು.

“ನಮ್ಮದು ಯಾಕೆ ಮೇಡಂ? ನಾಳೆ ಏನಾದ್ರೂ ಆದ್ರೆ?”