ಭಾಗ್ಯಳ ಫೋಟೋವನ್ನು ಕಪ್ಪು ಮಾಡಿದ್ದು

ಭಾಗ್ಯ, ಗಂಡಿನ ಕಡೆಯವರಿಗೆ ಕಳಿಸಿದ ನಿನ್ನ ಫೋಟೋವನ್ನು ಕಪ್ಪು ಮಾಡಿದವನು ನಾನೇ. ಲೈಟ್ ಸರಿಯಿರಲಿಲ್ಲ, ಪ್ರಿಂಟ್ ಕೆಟ್ಟಿತ್ತು ಅಂತೆಲ್ಲ ಹೇಳಬಹುದಿತ್ತು — ಅದ್ಯಾವುದೂ ಅಲ್ಲ. ಬೇಕೆಂದೇ ಮಾಡಿದೆ.

ನಂಜನಗೂಡಿನ ನಮ್ಮ ಸ್ಟುಡಿಯೋಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಹೈಸ್ಕೂಲಿನಲ್ಲಿ ನಿನ್ನ ಜೊತೆ ಓದಿದ ನಾನು ಅದರ ಮುಂದೆ ಕೂರುವ ಕೆಲಸಗಾರ. ಮದುವೆಗಿರುವ ಹುಡುಗಿಯರ ಫೋಟೋ ಬಂದರೆ, ಕೇಳದಿದ್ದರೂ ಒಂದಿಷ್ಟು ಬೆಳ್ಳಗೆ ಮಾಡಿ ಕೊಡುವುದು ನಮ್ಮ ಪದ್ಧತಿ. ಎಷ್ಟೋ ಫೋಟೋಗಳಲ್ಲಿ ಮುಖ ಸುಣ್ಣ ಬಳಿದ ಗೋಡೆ, ಕೈ ಮಾತ್ರ ಹಳೇ ಬಣ್ಣ. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನಿನ್ನದನ್ನು ಮಾತ್ರ ಬಹಳ ಶ್ರದ್ಧೆಯಿಂದ ಮಾಡಿದೆ. ಮುಖ, ಕತ್ತು, ಕೈ — ಇಷ್ಟನ್ನೇ ಮೌಸಿನಲ್ಲಿ ಗೆರೆ ಎಳೆದು ಬೇರೆ ಮಾಡಿಕೊಂಡು ಬಣ್ಣ ಇಳಿಸಿ ಕಪ್ಪಾಗಿಸಿದೆ. ಹಸಿರು ಸೀರೆ, ಮುಡಿದ ಕನಕಾಂಬರ ಇದ್ದ ಹಾಗೇ ಇದ್ದವು. ಯಾರಿಗೂ ಅನುಮಾನ ಬರಬಾರದಲ್ಲ. ನೀನು ಮದುವೆಯಾಗಿ ಹೋಗಿಬಿಟ್ಟರೆ — ಆ ಯೋಚನೆಯೇ ನನಗೆ ತಡೆಯಲಾಗುತ್ತಿರಲಿಲ್ಲ. ನಿಮ್ಮ ಮನೆಯವರು ನಿನ್ನನ್ನು ನನಗೆ ಕೊಡುತ್ತಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ. ತಾನೂ ತಿನ್ನ, ಪರರಿಗೂ ಕೊಡ ಅನ್ನುತ್ತಾರಲ್ಲ, ಆ ಬುದ್ಧಿ.

ನಿನ್ನ ಸೋದರತ್ತೆ ಆ ಫೋಟೋ ಹಿಡಿದು ಟಿ. ನರಸೀಪುರದ ಕಡೆ ಎಷ್ಟೋ ಮನೆಗಳಿಗೆ ಹೋದರು. ಎಲ್ಲ ಕಡೆಯಿಂದಲೂ ಫೋಟೋ ವಾಪಸು ಬಂತು. ಒಂದು ದಿನ ಸ್ಟುಡಿಯೋದಲ್ಲೇ ಕೂತು ಹೇಳಿದರು: "ಸ್ಟುಡಿಯೋದೋರು ಬೆಳ್ಳಗ್ ಮಾಡೇ ಕೊಡ್ತಾರೆ ಅಂತ ಎಲ್ರಿಗೂ ಗೊತ್ತು ಕಣಪ್ಪ. ಮಾಡಿದ್ಮೇಲೂ ಇಷ್ಟು ಕಪ್ಪಾದ್ರೆ, ಉಡುಗಿ ಇನ್ನೆಂಗಿದ್ದಾಳು ಅಂತಾರೆ. ನೋಡಾಕೂ ಬರಾಕಿಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ನಾನು ಇಳಿಸಿದ್ದರ ಮೇಲೆ ಜನ ಇನ್ನಷ್ಟು ಇಳಿಸಿಕೊಂಡು ನೋಡಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು. "ಟೀ ತರಿಸ್ಲಾ ಅಮ್ಮ" ಅಂದೆ.

ಆಮೇಲೆ ತಾಂಡ್ಯದ ಫ್ಯಾಕ್ಟರಿ ಕೆಲಸಕ್ಕೆ ಫೋಟೋ ಬೇಕೆಂದು ನೀನೇ ಬಂದೆ. ಸ್ಟೂಲಿನ ಮೇಲೆ ಕೂತು, ನನ್ನ ಕಡೆ ನೋಡದೆ ಹೇಳಿದೆ — "ನಾನು ಇಷ್ಟು ಕಪ್ಪು ಅಂತ ನಂಗೇ ಗೊತ್ತಿರ್ಲಿಲ್ಲ ಕಣೋ. ಆ ಫೋಟೋ ನೋಡಿದ್ಮೇಲೇ ಗೊತ್ತಾಗಿದ್ದು."

ನಿಮ್ಮ ಮನೆಯಲ್ಲಿ ಕನ್ನಡಿ ಇತ್ತು, ಭಾಗ್ಯ. ಆದರೂ ನೀನು ನಾನು ಮಾಡಿದ ಫೋಟೋವನ್ನೇ ನಂಬಿದೆ. ಕಪ್ಪಿದ್ದರೆ ತಾನೇ ಏನು — ಅಷ್ಟನ್ನಾದರೂ ಹೇಳಬಹುದಿತ್ತು. ಕ್ಯಾಮೆರಾ ಸರಿಮಾಡುವವನ ಹಾಗೆ ತಲೆ ಬಗ್ಗಿಸಿದೆ.

ಈಗ ನೀನೂ ಒಬ್ಬಳೇ, ನಾನೂ ಒಬ್ಬನೇ. ನನ್ನ ಒಂಟಿತನ ನನಗೆ ಸಲ್ಲಬೇಕಾದ್ದೇ. ನಿನ್ನದು — ಅದೂ ನನ್ನ ಕೈಯದೇ. ಸಂಜೆ ಫ್ಯಾಕ್ಟರಿ ಬಸ್ಸಿಳಿದು ನೀನು ನಡೆದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಮಾತಾಡಿಸುವ ಮುಖ ನನಗಿಲ್ಲ.

ಮೊನ್ನೆ ನಿನ್ನ ತಮ್ಮನ ಮಗುವಿನ ನಾಮಕರಣಕ್ಕೆ ಫೋಟೋ ತೆಗೆಯಲು ಬಂದಿದ್ದೆ. ಎಲ್ಲರೂ ಸಾಲಾಗಿ ನಿಂತರು. ನೀನು ಪಕ್ಕಕ್ಕೆ ಸರಿದು, "ನಾನು ಬೇಡ ಬಿಡಿ, ಫೋಟೋ ಕೆಡುತ್ತೆ" ಅಂದೆ. ಯಾರೂ ಬಲವಂತ ಮಾಡಲಿಲ್ಲ. ನಾನೂ ಬಟನ್ ಒತ್ತಿದೆ.

ನಾಳೆ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಸೋದರತ್ತೆಯನ್ನೂ ಕೂರಿಸಿಕೊಂಡು ಇದನ್ನೆಲ್ಲ ನಿನ್ನೆದುರೇ ಹೇಳುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ಬೈಯಿ, ಮುಖದ ಮೇಲೆ ಬಾಗಿಲು ಹಾಕು. ಆದರೆ ಆ ಫೋಟೋದಲ್ಲಿದ್ದವಳು ನೀನಲ್ಲ ಅನ್ನುವುದನ್ನು ಕೇಳಿಸಿಕೊಂಡ ಮೇಲೆ ಹಾಕು.